ಹಾಳೂರು ಹೊಲದಲ್ಲಿ ಮನೆ ಕಟ್ಟಬಹುದಾ? ಪ್ಲೇಗ್ ಮಣ್ಣಲ್ಲಿ ಉಳಿದಿರುತ್ತಾ?

ರಾಗಿಹೊಲ:

ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ, ನಗಬೇಡಿ.

ನಮ್ಮದು ಮುಳಬಾಗಿಲು ಕಡೆ ಒಂದು ಸಣ್ಣ ಊರು. ಊರಿಂದ ಒಂದು ಮೈಲಿ ಆಚೆ ನಮಗೆ ಎರಡು ಎಕರೆ ಇದೆ. ಅದಕ್ಕೆ ಹಾಳೂರು ಹೊಲ ಅಂತಲೇ ಹೆಸರು. ಹಿಂದೆ ಊರು ಅಲ್ಲೇ ಇತ್ತಂತೆ. ಪ್ಲೇಗ್ ಬಂದಾಗ ಬಿಟ್ಟು ಬಂದವರು ವಾಪಸ್ ಹೋಗಲೇ ಇಲ್ಲ. ಈಗ ಉಳಿದಿರುವುದು ಒಂದು ಮಣ್ಣಿನ ದಿಬ್ಬ, ಒಂದು ಹುಣಸೆ ಮರ, ಅದರ ಬುಡದಲ್ಲಿ ಕುಂಕುಮ ಹಚ್ಚಿದ ಒಂದು ಕಲ್ಲು. ಆ ಕಲ್ಲಿಗೆ ಪ್ಲೇಗಮ್ಮ ಅಂತಾರೆ.

ಅಜ್ಜಿ ಇದ್ದಾಗ ಹೇಳುತ್ತಿದ್ದರು. ಅವರಿಗೆ ಆಗ ಏಳೆಂಟು ವರ್ಷ. ಅಟ್ಟದಿಂದ ಒಂದು ಇಲಿ ಬಿತ್ತು. ಒಲೆ ಮುಂದೆ ಗಿರಗಿರ ತಿರುಗಿ ಸತ್ತಿತು. ಅಷ್ಟೇ, ಅವರಪ್ಪ ಅವತ್ತು ಸಾಯಂಕಾಲವೇ ಗಾಡಿ ಕಟ್ಟಿದರು. ಎಲ್ಲರೂ ಹೊಲದಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ಯುಗಾದಿವರೆಗೂ ಇದ್ದರು. ಆದರೂ ಅಜ್ಜಿಯ ಅಣ್ಣನಿಗೆ ತೊಡೆ ಸಂದಿಯಲ್ಲಿ ಗೆಡ್ಡೆ ಬಂತು. ಮೂರೇ ದಿನ.

ಈಗ ವಿಷಯಕ್ಕೆ ಬರುತ್ತೇನೆ. ಆ ಹೊಲದಲ್ಲಿ ಒಂದು ಸಣ್ಣ ಮನೆ ಕಟ್ಟೋಣ ಅಂತ ಹೋದ ವಾರ ಜೆಸಿಬಿ ತರಿಸಿದ್ದೆವು. ಒಂದು ಕಡೆ ಅಗೆದಾಗ ಮಡಕೆ ಚೂರು, ಬೂದಿ, ಕೆಲವು ಮೂಳೆ ಸಿಕ್ಕವು. ಡ್ರೈವರ್ ಗಾಡಿ ನಿಲ್ಲಿಸಿ ಹೋದವನು ಇನ್ನೂ ಬಂದಿಲ್ಲ. ಊರವರು "ಪ್ಲೇಗ್ ಹುಳ ಮಣ್ಣಲ್ಲಿ ಮಲಗಿರುತ್ತೆ, ಎಬ್ಬಿಸಬೇಡಿ" ಅಂತಿದ್ದಾರೆ. ಅಪ್ಪನಿಗೂ ಮನಸ್ಸು ಅಳುಕಿದೆ. ನಿಜವಾಗಿ ಇರುತ್ತಾ? ಮತ್ತೆ ಒಂದು ಇಲಿ ಬಿದ್ದದ್ದಕ್ಕೆ ಊರೇ ಬಿಡುವುದು ಸುಮ್ನೆ ಭಯವಾ, ಇಲ್ಲ ಅದರಲ್ಲಿ ಏನಾದರೂ ಲೆಕ್ಕ ಇತ್ತಾ?

ಕೆರೆಯೇರಿ:

ಬ್ರೋ, ನೂರು ವರ್ಷ ಹಳೇ ಮಣ್ಣು. ಏನೂ ಆಗಲ್ಲ. ಮನೆ ಕಟ್ಟಿ, ಗೃಹಪ್ರವೇಶಕ್ಕೆ ಕರೀರಿ. ಬೇಕಾದರೆ ಒಂದು ಹೋಮ ಮಾಡಿಸಿ, ಅಪ್ಪನಿಗೂ ಸಮಾಧಾನ.

ಇಲಿಬೋನು:

ಕೆರೆಯೇರಿಯವರು ಹೇಳಿದ ಉತ್ತರ ಸರಿ. ಆದರೆ "ಹಳೇ ಮಣ್ಣು" ಅನ್ನುವ ಕಾರಣ ಅರ್ಧ ಮಾತ್ರ ಸರಿ. ಕೆಲವು ರೋಗಾಣು ಮಣ್ಣಲ್ಲಿ ನಿಜವಾಗಿಯೂ ಕಾಲಾಂತರ ಮಲಗಿರುತ್ತವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ರಿಟೈರ್ ಆದವನು, ಟೈಮ್ ಇದೆ.

ನಾನು ಡಾಕ್ಟರ್ ಅಲ್ಲ. ಲ್ಯಾಬ್‌ನಲ್ಲಿದ್ದವನು. ಪ್ಲೇಗ್ ನಿಗಾ ಕೆಲಸಕ್ಕೆ ಕೋಲಾರ, ಆಚೆ ಆಂಧ್ರ, ಈಚೆ ತಮಿಳುನಾಡು, ಈ ಮೂರು ಗಡಿ ಸೇರುವ ಕಡೆ ವರ್ಷಗಟ್ಟಲೆ ಇಲಿ ಹಿಡಿದಿದ್ದೇನೆ. ನಿಮ್ಮ ಹೊಲದ ಪಕ್ಕದಲ್ಲೇ ಬೋನು ಇಟ್ಟಿರಬಹುದು, ಯಾರಿಗೆ ಗೊತ್ತು. ಸಾಯಂಕಾಲ ಐದಕ್ಕೆ ಊರು ಸೇರುವುದು, ಬೋನಿಗೆ ಬೋಂಡ ಚೂರೋ ಕಡಲೆಕಾಯೋ ಸಿಕ್ಕಿಸಿ ಮನೆಮನೆಗೆ ಇಡುವುದು, ಬೆಳಿಗ್ಗೆ ಹೋಗಿ ತರುವುದು. ಬೋನಿನ ಬೋಂಡವನ್ನು ಹುಡುಗರು ತಿಂದುಬಿಡುತ್ತಿದ್ದರು, ಅದು ಬೇರೆ ಕಥೆ. ಸಿಕ್ಕ ಇಲಿಯನ್ನು ಬಟ್ಟೆ ಚೀಲಕ್ಕೆ ಹಾಕಿ, ಔಷಧಿ ಕೊಟ್ಟು ಮಲಗಿಸಿ, ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಹಿಡಿದು ಬ್ರಶ್‌ನಲ್ಲಿ ಬಾಚಬೇಕು. ತಟ್ಟೆ ಬಿಳಿ ಯಾಕೆಂದರೆ ಚಿಗಟ ಕಂದು ಬಣ್ಣ, ಬಿದ್ದದ್ದು ಕಾಣಬೇಕಲ್ವಾ. ಒಂದು ಇಲಿಗೆ ಸರಾಸರಿ ಎಷ್ಟು ಚಿಗಟ ಅಂತ ಬರೆದಿಡುತ್ತಿದ್ದೆವು. ಇಲಿ ಚಿಗಟದ ಲೆಕ್ಕ ಸರಾಸರಿ ಒಂದು ದಾಟಿದರೆ ಎಚ್ಚರ ಅಂತ ಅರ್ಥ. ನಾನು ಮನೆಗೆ ಹೋದರೆ ನಮ್ಮಮ್ಮ ನನ್ನನ್ನು ಹಿತ್ತಿಲಲ್ಲೇ ನಿಲ್ಲಿಸಿ ನೀರು ಸುರಿಯುತ್ತಿದ್ದರು. ಅವರು ಪ್ಲೇಗ್ ಕಂಡವರು.

ಮೊದಲು ಮಣ್ಣಿನ ವಿಷಯ. ಪ್ಲೇಗ್ ಬ್ಯಾಕ್ಟೀರಿಯಾದ ಹೆಸರು ಯೆರ್ಸಿನಿಯಾ ಪೆಸ್ಟಿಸ್. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಒಂದು ಹುಲ್ಲು ಗುಡಿಸಲನ್ನೇ ಲ್ಯಾಬ್ ಮಾಡಿಕೊಂಡು, ಸತ್ತವರ ಗೆಡ್ಡೆಯ ರಸದಲ್ಲಿ ಇದನ್ನು ಕಂಡ. ನಮ್ಮ ಹಳೇ ಕಡತಗಳಲ್ಲಿ ಪಾಶ್ಚುರೆಲ್ಲಾ ಪೆಸ್ಟಿಸ್ ಅಂತಲೇ ಇರುತ್ತಿತ್ತು, ಹೆಸರು ಆಮೇಲೆ ಬದಲಾಯಿತು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ತುದಿ ಗಾಢ, ನಡುವೆ ತಿಳಿ. ಥೇಟ್ ಪಿನ್ನು. ಸೀರೆಗೆ ಹಾಕುವ ಪಿನ್ನು.

ಈ ಪಿನ್ನಿಗೆ ಬೀಜ ಕಟ್ಟಲು ಬರುವುದಿಲ್ಲ. ಕೆಲವು ಬ್ಯಾಕ್ಟೀರಿಯಾ ಕಷ್ಟಕಾಲ ಬಂದಾಗ ಗಟ್ಟಿ ಚಿಪ್ಪಿನ ಬೀಜದಂತಾಗಿ ಕೂತುಬಿಡುತ್ತವೆ. ಇದು ಹಾಗಲ್ಲ. ಬಿಸಿಲಿಗೆ ಸಾಯುತ್ತದೆ, ಒಣಗಿದರೆ ಸಾಯುತ್ತದೆ, ಮಾಮೂಲಿ ಫಿನಾಯಿಲ್‌ಗೂ ತಡೆಯುವುದಿಲ್ಲ. ಸತ್ತ ಪ್ರಾಣಿಯ ರಕ್ತ ಬಿದ್ದ ತಂಪು ಮಣ್ಣಲ್ಲಿ ಕೆಲವು ವಾರ ಜೀವ ಹಿಡಿದದ್ದುಂಟು, ಲ್ಯಾಬ್‌ನಲ್ಲಿ ಜೋಪಾನವಾಗಿಟ್ಟ ಮಣ್ಣಲ್ಲಿ ತಿಂಗಳುಗಟ್ಟಲೆಯೂ ಉಂಟು. ಎಂಬತ್ತು ವರ್ಷ, ಅದೂ ಕೋಲಾರದ ಬಿಸಿಲಲ್ಲಿ? ಸಾಧ್ಯವಿಲ್ಲ. ಲಂಡನ್ನಿನಲ್ಲಿ 1348ರ ಪ್ಲೇಗ್‌ನಲ್ಲಿ ಸತ್ತವರ ಸಮಾಧಿ ಅಗೆದು, ಹಲ್ಲಿನೊಳಗಿಂದ ಈ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದರು. 2011ರಲ್ಲಿ ಪೂರ್ತಿ ಜೋಡಿಸಿ ಓದಿದರು. ಅದೂ ಚೂರು ಚೂರು ಡಿಎನ್‌ಎ ಅಷ್ಟೇ, ಜೀವ ಇರುವ ಒಂದೇ ಒಂದು ಬ್ಯಾಕ್ಟೀರಿಯಾ ಇರಲಿಲ್ಲ.

ಇನ್ನು ನಿಮ್ಮ ಮುತ್ತಜ್ಜ ಗಾಡಿ ಕಟ್ಟಿದ್ದು. ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ಹಳ್ಳಿ ಮನೆಯ ಅಟ್ಟ, ಸೋಗೆ, ಮಣ್ಣುಗೋಡೆಯ ಬಿಲಗಳಲ್ಲಿ ಇರುವುದು ಮನೆ ಇಲಿ. ಅದರ ಮೈಮೇಲೆ ಚಿಗಟ. ಪ್ಲೇಗ್ ಮೊದಲು ಬರುವುದು ಇಲಿಗೆ, ನಮಗಲ್ಲ. ಚಿಗಟ ರೋಗದ ಇಲಿಯ ರಕ್ತ ಕುಡಿದಾಗ ಬ್ಯಾಕ್ಟೀರಿಯಾ ಅದರ ಹೊಟ್ಟೆಯ ಬಾಗಿಲಲ್ಲಿ ಲೋಳೆಯಂತೆ ಅಂಟಿಕೊಂಡು ಬೆಳೆಯುತ್ತದೆ. ಬಾಗಿಲು ಕಟ್ಟಿಹೋಗುತ್ತದೆ. ಚಿಗಟ ಎಷ್ಟು ಕುಡಿದರೂ ರಕ್ತ ಒಳಗೆ ಇಳಿಯುವುದಿಲ್ಲ. ಹಸಿವು ತಾಳದೆ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗಲೆಲ್ಲ ಕುಡಿದದ್ದನ್ನು ಬ್ಯಾಕ್ಟೀರಿಯಾ ಸಮೇತ ಗಾಯಕ್ಕೇ ಕಕ್ಕುತ್ತದೆ. ಪಾಪ ಅನ್ನಬೇಕೋ ಶಾಪ ಹಾಕಬೇಕೋ.

ಇಲಿ ಸತ್ತಿತು. ಮೈ ತಣ್ಣಗಾದ ಕೂಡಲೇ ಚಿಗಟ ಇಳಿದು ಇನ್ನೊಂದು ಇಲಿ ಹುಡುಕುತ್ತದೆ. ಊರಿನ ಇಲಿಗಳೆಲ್ಲ ಹೀಗೆ ಒಂದೊಂದಾಗಿ ಸತ್ತರೆ ಆಮೇಲೆ ಬೆಚ್ಚಗಿನ ಮೈ ಅಂತ ಉಳಿಯುವುದು ಯಾರದು? ಒಲೆ ಮುಂದೆ ಕೂತವರದು. ಅಂದರೆ ಇಲಿ ಬೀಳುವುದಕ್ಕೂ ಮನುಷ್ಯನಿಗೆ ಜ್ವರ ಬರುವುದಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ದಿನ ಸಿಗುತ್ತದೆ. ನಿಮ್ಮ ಮುತ್ತಜ್ಜ ಆ ಕೆಲವು ದಿನವನ್ನೇ ಹಿಡಿದುಕೊಂಡರು. ಬಯಲಿನ ಹೊಸ ಗುಡಿಸಲಲ್ಲಿ ಮನೆ ಇಲಿಯ ಸಂಸಾರ ಇರುವುದಿಲ್ಲ. ಯುಗಾದಿ ಹೊತ್ತಿಗೆ ಬಿಸಿಲು ಏರಿರುತ್ತದೆ. ಒಣ ಸೆಖೆಗೆ ಚಿಗಟ ಹೆಚ್ಚು ದಿನ ಬದುಕದು, ಬ್ಯಾಕ್ಟೀರಿಯಾ ಕಟ್ಟಿದ ಆ ಲೋಳೆಯೂ ಸೆಖೆಯಲ್ಲಿ ಸರಿಯಾಗಿ ನಿಲ್ಲದು. ಇದನ್ನೆಲ್ಲ ಓದಿ ಯುಗಾದಿವರೆಗೆ ಕಾದವರಲ್ಲ ಅವರು. ನೋಡಿ ನೋಡಿ ಕಲಿತದ್ದು.

ತಮಾಷೆ ಅಂದರೆ, ಅದಕ್ಕೂ ಹಿಂದೆ ಪ್ಲೇಗ್ ಹೊಸದಾಗಿ ಬಂದಾಗ ಓದಿದವರೇ ತಪ್ಪು ಕಡೆ ನೋಡುತ್ತಿದ್ದರು. ರೋಗ ಕೆಟ್ಟ ಗಾಳಿಯಿಂದ, ಕೊಳಕಿನಿಂದ ಅಂತ ಮನೆಗೆ ಕಾರ್ಬಾಲಿಕ್ ಹೊಡೆದರು, ಹೆಂಚು ಕಿತ್ತರು. ಅದರಿಂದ ಇಲಿಗಳು ಪಕ್ಕದ ಮನೆಗೆ ಓಡಿದವು. ಚಿಗಟದಿಂದ ಹರಡುತ್ತದೆ ಅಂತ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದವನು ಪೌಲ್ ಲೂಯಿ ಸಿಮಾಂಡ್. ಗಾಜಿನ ಭರಣಿ, ಒಂದು ಕಾಯಿಲೆ ಇಲಿ, ಒಂದು ಆರೋಗ್ಯದ ಇಲಿ, ನಡುವೆ ಜಾಲರಿ. ಇಲಿಗಳು ಮುಟ್ಟಿಕೊಳ್ಳಲಿಲ್ಲ, ಚಿಗಟ ಮಾತ್ರ ದಾಟಿತು, ರೋಗವೂ ದಾಟಿತು. ಆದರೆ ಎಷ್ಟೋ ವರ್ಷ ಅವನ ಮಾತನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಜ್ಜಿಯ ಅಣ್ಣನಿಗೆ ತೊಡೆ ಸಂದಿಯಲ್ಲೇ ಯಾಕೆ ಅಂದರೆ, ಚಿಗಟ ಕಾಲಿಗೆ ಕಚ್ಚಿರುತ್ತದೆ. ಬ್ಯಾಕ್ಟೀರಿಯಾ ಅಲ್ಲಿಂದ ಹತ್ತಿರದ ಗ್ರಂಥಿಗೆ ಹೋಗುತ್ತದೆ. ಕೈಗೆ ಕಚ್ಚಿದರೆ ಕಂಕುಳಲ್ಲಿ ಬರುತ್ತಿತ್ತು. ನಮ್ಮ ರಕ್ತದ ಬಿಳಿ ಕಣ ಅದನ್ನು ನುಂಗಲು ಬಂದರೆ ಇದು ಸೂಜಿಯಂಥ ಒಂದು ಅಂಗದಿಂದ ವಿಷ ಚುಚ್ಚಿ ಆ ಕಣವನ್ನೇ ಕೆಡವುತ್ತದೆ. ಗ್ರಂಥಿ ಮೊಟ್ಟೆ ಗಾತ್ರಕ್ಕೆ ಊದುತ್ತದೆ, ಮುಟ್ಟಿದರೆ ಪ್ರಾಣ ಹೋಗುವ ನೋವು. ಔಷಧಿ ಇಲ್ಲದ ಕಾಲದಲ್ಲಿ ಗೆಡ್ಡೆ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೋಗುತ್ತಿದ್ದರು. ರಕ್ತಕ್ಕೆ ಹರಡಿದರೆ ಇನ್ನೂ ಬೇಗ. ಶ್ವಾಸಕೋಶಕ್ಕೆ ಇಳಿದರೆ ಚಿಗಟದ ಹಂಗೂ ಬೇಡ, ಕೆಮ್ಮಿನಲ್ಲೇ ಒಬ್ಬರಿಂದ ಒಬ್ಬರಿಗೆ. ಅಂಥದ್ದರಲ್ಲಿ ಒಂದು ದಿನ ತಡವಾದರೂ ಕಷ್ಟ. ಈಗ ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್ ಇವೆ. ಬೇಗ ಕೊಟ್ಟರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಬಿಟ್ಟು ಹೋದರೂ ಆ ಹುಡುಗ ಯಾಕೆ ಉಳಿಯಲಿಲ್ಲ ಅಂದರೆ, ಹೊರಡುವ ಮೊದಲೇ ಕಚ್ಚಿರಬಹುದು. ಕಚ್ಚಿದ ಒಂದು ವಾರದೊಳಗೆ ಜ್ವರ ಬರುತ್ತದೆ. ಇಲ್ಲ, ಗಾಡಿಯಲ್ಲಿ ಹಾಕಿಕೊಂಡು ಹೋದ ರಾಗಿ ಮೂಟೆಯಲ್ಲೋ ಕಂಬಳಿಯಲ್ಲೋ ಚಿಗಟ ಇದ್ದಿರಬಹುದು. ಕಾಳಿನ ಧೂಳು ಅಂದರೆ ಚಿಗಟದ ಮರಿಗೆ ತೊಟ್ಟಿಲು.

ಧಾರವಾಡಪೇಡೆ:

ಇಲಿಬೋನು ಸರ್, ಛಲೋ ಬರೆದೀರಿ. ನಮ್ಮ ಹುಬ್ಬಳ್ಳಿ ಮಾತು ಒಂದು ಸೇರಿಸ್ತೀನಿ. 1896ರಾಗ ಮುಂಬೈಗೆ ಬಂದ ಪ್ಲೇಗ್ ರೈಲು ಹತ್ತಿ ನಮ್ಮ ಕಡೆ ಬಂತು. ಹುಬ್ಬಳ್ಳಿ ಅಂದರ ರೈಲ್ವೆ ವರ್ಕ್‌ಶಾಪ್, ಹತ್ತಿ ಗಿರಣಿ, ಮಂದಿ ಜಾಸ್ತಿ. ಅಲ್ಲಿಂದ 1898ರ ಆಗಸ್ಟ್‌ನಾಗ ಬೆಂಗಳೂರಿಗೂ ರೈಲಿನಾಗೇ ಹೋತು. ಈಗ ಮಲ್ಲೇಶ್ವರ, ಬಸವನಗುಡಿ ಅಂತ ಚಂದ ಚಂದ ಓಣಿ ಅದಾವಲ್ಲ, ಅವು ಪ್ಲೇಗ್ ಬಂದ ಮ್ಯಾಲೆ ಪೇಟೆ ಇಕ್ಕಟ್ಟು ಬಿಟ್ಟು ಹೊರಗ ಕಟ್ಟಿದ ಬಡಾವಣೆ. ಅಂದರ ಬೆಂಗಳೂರಿನವರೂ ನಿಮ್ಮ ಮುತ್ತಜ್ಜನಂಗ ಗಾಡಿ ಕಟ್ಟಿದವರೇ.

ಹಾಫ್ಕಿನ್ ಅನ್ನೋ ವಿಜ್ಞಾನಿ ಮಾಡಿದ ಪ್ಲೇಗ್ ಲಸಿಕೆ ಹುಬ್ಬಳ್ಳಿಯೊಳಗ ಹತ್ತಾರು ಸಾವಿರ ಮಂದಿಗೆ ಹಾಕಿದ್ರು. ಆ ಮನುಷ್ಯ 1897ರ ಜನವರಿಯಾಗ ಮುಂಬೈನಾಗ ಮೊದಲು ತನಗ ತಾನೇ ಚುಚ್ಚಿಕೊಂಡು ನೋಡಿದ್ನಂತ. ಎದಿಗಾರಿಕೆ ಅಂದರ ಅದು.

ಗೋಮಾಳ:

ನಾನು ಪಶುವೈದ್ಯ. ಇಲಿಬೋನು ಅವರು "ಬೀಜ ಕಟ್ಟುವ ಬ್ಯಾಕ್ಟೀರಿಯಾ" ಅಂತ ಹೇಳಿ ಮುಂದೆ ಹೋದರು. ಅಲ್ಲೇ ನನ್ನ ಪ್ರಶ್ನೆ ಇದೆ. ಸಿಕ್ಕ ಮೂಳೆ ಯಾವುದು? ಒಂದೇ ಗುಂಡಿಯಲ್ಲಿ ಇಡೀ ದನದ ಮೂಳೆ ರಾಶಿ ಸಿಕ್ಕಿದ್ದರೆ ಹುಷಾರು. ನೆರಡಿ (ಆಂಥ್ರಾಕ್ಸ್) ರೋಗದಲ್ಲಿ ಸತ್ತ ದನವನ್ನು ಹೂಳುತ್ತಿದ್ದರು, ನೆರಡಿಯ ಬ್ಯಾಕ್ಟೀರಿಯಾ ಬೀಜ ಕಟ್ಟಿ ಮಣ್ಣಲ್ಲಿ ದಶಕಗಟ್ಟಲೆ ಇರಬಲ್ಲದು. "ಮಣ್ಣಲ್ಲಿ ಮಲಗಿರುತ್ತೆ, ಎಬ್ಬಿಸಬೇಡಿ" ಅನ್ನುವ ಮಾತು ಪ್ಲೇಗ್‌ಗೆ ಸುಳ್ಳು, ನೆರಡಿಗೆ ನಿಜ. ಊರವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿರಬಹುದು. ಮೂಳೆಯ ಫೋಟೋ ತೆಗೆದು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ. ಬರಿಗೈಯಲ್ಲಿ ಮುಟ್ಟಬೇಡಿ.

ರಾಗಿಹೊಲ:

ಎಲ್ಲರಿಗೂ ಥ್ಯಾಂಕ್ಸ್. ಇಲಿಬೋನು ಸರ್ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಗಾಡಿ ಕಟ್ಟಿದ್ದು ಸರಿ ಅಂದದ್ದಕ್ಕೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಮೂಳೆ ತೋರಿಸಿದೆ. ಕೋಳಿ ಮತ್ತು ಕುರಿಯದಂತೆ, ಒಂದರ ಮೇಲೆ ಕತ್ತಿ ಗುರುತು ಇದೆ. ಅಡುಗೆಮನೆ ಕಸ ಅಂದರು. ಸದ್ಯ.

ಇನ್ನೊಂದು ವಿಷಯ. ಜೆಸಿಬಿ ನಿಂತ ಕಡೆಯೇ ನೆಲ ಕುಸಿದು ಒಂದು ದುಂಡನೆ ಬಾಯಿ ಕಾಣುತ್ತಿದೆ. ಒಳಗೆ ಕತ್ತಲೆ, ಕೆಳಗೆ ಅಗಲ. ಅಪ್ಪ ನೋಡಿದ ಕೂಡಲೇ ಹಗೇವು ಅಂದರು. ರಾಗಿ ತುಂಬಿಡುತ್ತಿದ್ದ ಗುಂಡಿ. ಇದರಲ್ಲಿ ಇಲಿ ಇರುತ್ತಿತ್ತಾ? ಮತ್ತೆ ಈಗಿನ ಮನೆಯ ಹುಲ್ಲಿನ ಮೆದೆ ಹತ್ತಿರ ಆಗಾಗ ಸತ್ತ ಇಲಿ ಸಿಗುತ್ತವೆ. ಅದಕ್ಕೆ ಹೆದರಬೇಕಾ?

ಇಲಿಬೋನು:

ಮೊದಲು ಹಗೇವು. ಯಾರನ್ನೂ ಒಳಗೆ ಇಳಿಸಬೇಡಿ. ನಿಮ್ಮ ಹೊಲದಲ್ಲಿ ಅಪಾಯ ಅಂತ ಏನಾದರೂ ಇದ್ದರೆ ಇದೊಂದೇ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಡಿ ಪ್ರಾಣವಾಯು ತೀರಿಹೋಗುತ್ತದೆ. ಹುಳ, ಇಲಿ ಏನೂ ಬದುಕುವುದಿಲ್ಲ, ಅದಕ್ಕೇ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಮನುಷ್ಯನೂ ಬದುಕುವುದಿಲ್ಲ. ಹಿಂದಿನವರು ಬಾಯಿ ತೆಗೆದು ಒಂದಷ್ಟು ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಆಳು ಇಳಿಯುವಂತಿಲ್ಲ. ನಿಮ್ಮದು ಖಾಲಿಯೇ ಇರಬಹುದು, ಆದರೂ ಗೋಡೆ ಕುಸಿಯುತ್ತದೆ. ಸುತ್ತ ಮುಳ್ಳು ಹಾಕಿ, ಮಣ್ಣು ತುಂಬಿಸಿ. ಒಂದಿದ್ದ ಕಡೆ ನಾಲ್ಕಿರುತ್ತವೆ, ಪಾಯ ಹಾಕುವ ಮೊದಲು ಹಾರೆಯಲ್ಲಿ ನೆಲ ಕುಟ್ಟಿ ಸದ್ದು ಕೇಳಿ.

ಇನ್ನು ಸತ್ತ ಇಲಿ. ಈಗ ನಮ್ಮ ಕಡೆ ಇಲಿ ಸತ್ತರೆ ನೂರಕ್ಕೆ ತೊಂಬತ್ತು ಪಾಲು ಯಾರೋ ಪಾಷಾಣ ಇಟ್ಟಿರುತ್ತಾರೆ. 1966ರಲ್ಲಿ ನಮ್ಮ ರಾಜ್ಯದಲ್ಲೇ ದೇಶದ ಕೊನೆಯ ಪ್ಲೇಗ್ ಕೇಸ್ ದಾಖಲಾಗಿ, ಆಮೇಲೆ 28 ವರ್ಷ ಸದ್ದಿರಲಿಲ್ಲ. ಮುಗಿಯಿತು ಅಂದುಕೊಂಡೆವು. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಇಲಿ ಬಿದ್ದವು. ಹಿಂದಿನ ವರ್ಷ ಲಾತೂರ್ ಭೂಕಂಪ ಆಗಿ ಜನ ಮನೆ ಬಿಟ್ಟಿದ್ದರು, ಮನೆಯೊಳಗೆ ಕಾಳು ಹಾಗೇ ಇತ್ತು, ಇಲಿಗೆ ಹಬ್ಬ. ಸ್ವಲ್ಪ ದಿನದಲ್ಲೇ ಸೂರತ್ತಿನಿಂದ ಕೆಮ್ಮಿನ ಪ್ಲೇಗ್ ಸುದ್ದಿ ಬಂತು. ಲಕ್ಷಾಂತರ ಜನ ರೈಲು ಹತ್ತಿದರು. ಮುತ್ತಜ್ಜನ ಲೆಕ್ಕ ಇಲ್ಲಿ ನಡೆಯುವುದಿಲ್ಲ ನೋಡಿ. ಕೆಮ್ಮಿನ ಪ್ಲೇಗ್‌ನಲ್ಲಿ ಊರು ಬಿಟ್ಟರೆ ರೋಗವೂ ಜೊತೆಗೇ ಟಿಕೆಟ್ ತೆಗೆದುಕೊಳ್ಳುತ್ತದೆ. ಆ ತಿಂಗಳು ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಸಿಗುತ್ತಿರಲಿಲ್ಲ. ನಮಗಂತೂ ಬೋನು ಹಿಡಿದು ತಿರುಗಿ ತಿರುಗಿ ಸಾಕಾಯಿತು. ಅಲ್ಲಿಯವರೆಗೆ ನಮ್ಮನ್ನು ಕಂಡು ನಗುತ್ತಿದ್ದವರೆಲ್ಲ ಕಾಫಿ ಕೊಡಲು ಶುರು ಮಾಡಿದರು. ಆಮೇಲೂ 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿ ಕಡೆ ಸಣ್ಣದಾಗಿ ಬಂತು.

ರೋಗ ಎಲ್ಲಿರುತ್ತದೆ ಅಂದರೆ ಕಾಡು, ಬಯಲಿನ ಇಲಿಗಳಲ್ಲಿ. ಅವು ಮನೆ ಇಲಿಯಷ್ಟು ಸುಲಭವಾಗಿ ಸಾಯುವುದಿಲ್ಲ. ನಾವು ನಾಯಿಯ ರಕ್ತವನ್ನೂ ನೋಡುತ್ತಿದ್ದೆವು. ನಾಯಿ ಸತ್ತ ಇಲಿ ತಿಂದರೂ ಸಾಮಾನ್ಯವಾಗಿ ಉಳಿಯುತ್ತದೆ, ರಕ್ತದಲ್ಲಿ ಗುರುತು ಬಿಡುತ್ತದೆ. ಬೆಕ್ಕು ಪಾಪ ಸಾಯುತ್ತದೆ. ಊರ ನಾಯಿ ಹಿಡಿದು ರಕ್ತ ತೆಗೆಯುವುದು ಇಲಿಗಿಂತ ಕಷ್ಟದ ಕೆಲಸ. ನನ್ನ ಎಡಗೈ ಮೇಲೆ ಎರಡು ಸಾಕ್ಷಿ ಇವೆ.

ಒಂದೆರಡು ಇಲಿ ಸತ್ತರೆ ತಲೆ ಕೆಡಿಸಿಕೊಳ್ಳಬೇಡಿ. ಚಿಮಟದಲ್ಲೋ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡೋ ಎತ್ತಿ ಹೂಳಿ. ಪಾಷಾಣ ಇಡದೆಯೇ ಒಂದೇ ವಾರದಲ್ಲಿ ಹತ್ತು ಹದಿನೈದು ಬಿದ್ದರೆ, ಹಗಲಲ್ಲೇ ತೂರಾಡುತ್ತಾ ಬಂದು ಬಿದ್ದರೆ, ಆರೋಗ್ಯ ಕೇಂದ್ರಕ್ಕೆ ಹೇಳಿ. ಆಗ ನೀವಾಗಿ ಪಾಷಾಣ ಇಡಲು ಹೋಗಬೇಡಿ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಲು ಚಿಗಟಕ್ಕೆ ಪುಡಿ, ಆಮೇಲೆ ಇಲಿಗೆ ಪಾಷಾಣ. ಉಲ್ಟಾ ಮಾಡಿದರೆ ಹಸಿದ ಚಿಗಟಗಳನ್ನು ನೀವೇ ಮನೆಗೆ ಕರೆದ ಹಾಗೆ.

ಕೆರೆಯೇರಿ:

ಸರ್, ಹೋಮ ಅಂದದ್ದು ವಾಪಸ್ ತಗೋತೀನಿ. ಹಾರೆ ತರ್ತೀನಿ.

ರಾಗಿಹೊಲ:

ಹಾರೆಯಲ್ಲಿ ಕುಟ್ಟಿಸಿದೆವು. ಇನ್ನೂ ಎರಡು ಹಗೇವು ಸಿಕ್ಕಿವೆ. ಒಂದು ಸರಿಯಾಗಿ ಅಪ್ಪ ದೇವರ ಮನೆ ಅಂತ ಗುರುತು ಹಾಕಿದ್ದ ಕಡೆಯೇ. ಬೇರೆ ಡ್ರೈವರ್ ಬಂದಿದ್ದಾನೆ, ತಮಿಳುನಾಡಿನವನು, ಅವನಿಗೆ ಇದ್ಯಾವ ಕಥೆಯೂ ಗೊತ್ತಿಲ್ಲ, ನಾವೂ ಹೇಳಿಲ್ಲ. ಮೂರಕ್ಕೂ ಮಣ್ಣು ತುಂಬಿಸಿ ಪಾಯವನ್ನು ಇಪ್ಪತ್ತು ಅಡಿ ಪೂರ್ವಕ್ಕೆ ಸರಿಸಿದ್ದೇವೆ.

ಪ್ಲೇಗಮ್ಮನ ಕಲ್ಲನ್ನು ಮುಟ್ಟಿಲ್ಲ. ಅಪ್ಪ ನಿನ್ನೆ ಸಾಯಂಕಾಲ ಒಬ್ಬರೇ ಹೋಗಿ ಅದರ ಸುತ್ತ ಕಳೆ ಕಿತ್ತು ಬಂದರು. ಸಂಪು ಹುಣಸೆ ಮರದ ಆಚೆಗೆ ಬರುತ್ತದೆ.